ಅಡಿಕೆ ಹಣ: ಯಾವ ಹೂಡಿಕೆ ಯಾರ ಹೆಸರಲ್ಲಿ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಿಗರ ಮನೆಗಳಲ್ಲಿ ಉಳಿತಾಯದ ಬಹುಪಾಲು ಸೊಸೈಟಿಯ, ಅಂದರೆ ಊರಿನ ಕೃಷಿ ಸಹಕಾರ ಸಂಘದ, ಠೇವಣಿಯಲ್ಲಿರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ನಿಜ. ಬೇಯಿಸಿ ಒಣಗಿಸಿದ ರಾಶಿ ಅಡಿಕೆಗೂ, ಒಣಗಿಸಿ ಸುಲಿದ ಚಾಲಿ ಅಡಿಕೆಗೂ ಆ ವಿನಾಯಿತಿ ಇದೆ. ಆದರೆ ಆ ಹಣ ತರುವ ಬಡ್ಡಿ ಕೃಷಿ ಆದಾಯವಲ್ಲ. ಸೊಸೈಟಿಯವರು ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲಿಲ್ಲ, ಹಾಗಾಗಿ ತೆರಿಗೆಯೂ ಇಲ್ಲ ಎಂದುಕೊಂಡೇ ಹೆಚ್ಚಿನವರು ಎಡವುತ್ತಾರೆ.

ಹೂಡಿಕೆಗೆ ಕೈಹಾಕುವ ಮೊದಲು ಪಹಣಿ, ಠೇವಣಿ ರಸೀದಿ, ಪಾಸ್‌ಬುಕ್ ಎಲ್ಲವನ್ನೂ ಹರಡಿಕೊಂಡು, ಯಾವುದು ಯಾರ ಪ್ಯಾನ್‌ನಲ್ಲಿದೆ ಎಂದು ಬರೆಯಿರಿ. ಪಿತ್ರಾರ್ಜಿತ ತೋಟ ಇನ್ನೂ ಪಾಲಾಗದಿದ್ದರೆ ಅದರ ಆದಾಯ ಅವಿಭಕ್ತ ಕುಟುಂಬದ್ದು, ಅಂದರೆ ಎಚ್‌ಯುಎಫ್‌ನದು. ತೆರಿಗೆಯ ಲೆಕ್ಕ ಬದಲಾಗುವುದು ಇಲ್ಲೇ.

2025–26ರ ಹೊಸ ತೆರಿಗೆ ಪದ್ಧತಿಯ ದರದಲ್ಲಿ ನೋಡೋಣ. ಎಚ್‌ಯುಎಫ್‌ಗೆ ತೋಟದಿಂದ ನಿವ್ವಳ 6 ಲಕ್ಷ, ಠೇವಣಿಯಿಂದ 5 ಲಕ್ಷ ಬಡ್ಡಿ ಬಂದಿದೆ ಎನ್ನಿ. ಬಡ್ಡಿಯ ಮೇಲಿನ ತೆರಿಗೆಯನ್ನು ಎರಡು ಲೆಕ್ಕಗಳ ವ್ಯತ್ಯಾಸದಿಂದ ಕಂಡುಹಿಡಿಯುತ್ತಾರೆ. ಎರಡನ್ನೂ ಕೂಡಿಸಿ 11 ಲಕ್ಷಕ್ಕೆ ತೆರಿಗೆ ಹಾಕಿದರೆ 50,000 ರೂಪಾಯಿ. ಕೃಷಿಯ 6 ಲಕ್ಷಕ್ಕೆ ಮೂಲ ವಿನಾಯಿತಿಯ (ತೆರಿಗೆ ಬೀಳದ ಮಿತಿಯ) 4 ಲಕ್ಷ ಸೇರಿಸಿದರೆ 10 ಲಕ್ಷ, ಅದರ ತೆರಿಗೆ 40,000. ವ್ಯತ್ಯಾಸ 10,000, ಸೆಸ್ ಸೇರಿ 10,400 ಕಟ್ಟಬೇಕು. ಕೃಷಿ ಆದಾಯ ಇಲ್ಲದಿದ್ದರೆ ಇದೇ ಬಡ್ಡಿಗೆ 5,200 ಸಾಕಿತ್ತು. ಕೃಷಿ ಆದಾಯಕ್ಕೆ ತೆರಿಗೆ ಬೀಳದಿದ್ದರೂ ಉಳಿದ ಆದಾಯವನ್ನು ಅದು ಮೇಲಿನ ದರಕ್ಕೆ ತಳ್ಳುತ್ತದೆ.

ಇಷ್ಟೇ ಆದಾಯ ಒಬ್ಬ ವ್ಯಕ್ತಿಯದಾಗಿದ್ದರೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 87ಎ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಕೃಷಿಯೇತರ ಆದಾಯ 12 ಲಕ್ಷದವರೆಗೆ ಇರುವ ನಿವಾಸಿ ವ್ಯಕ್ತಿಗಳಿಗೆ ಈ ರಿಯಾಯಿತಿ ಇದೆ, ಎಚ್‌ಯುಎಫ್‌ಗೆ ಇಲ್ಲ.

ಹಾಗಾಗಿ ವರ್ಷವರ್ಷ ಬಡ್ಡಿ ತರುವ ಠೇವಣಿ ಸದಸ್ಯರ ಸ್ವಂತ ಹೆಸರಲ್ಲಿರಲಿ. ಲಾಭವನ್ನು ನಡುವೆ ಹಂಚದೆ ಒಳಗೇ ಬೆಳೆಸುವ, ಷೇರುಗಳಲ್ಲಿ ಹೂಡುವ ಈಕ್ವಿಟಿ ಮ್ಯೂಚುವಲ್ ಫಂಡ್‌ನ ಗ್ರೋತ್ ಆಯ್ಕೆ ಎಚ್‌ಯುಎಫ್‌ಗೆ ಹೊಂದುತ್ತದೆ. ಡಿವಿಡೆಂಡ್ ಆಯ್ಕೆ ಬೇಡ, ಅದು ಪ್ರತಿ ವರ್ಷ ಸ್ಲ್ಯಾಬ್ ದರಕ್ಕೆ, ಅಂದರೆ ಆದಾಯದ ಹಂತಕ್ಕೆ ತಕ್ಕ ತೆರಿಗೆಗೆ, ಸಿಗುತ್ತದೆ. ಸದಸ್ಯರಿಗೆ ಹಣ ಕೊಡುವಾಗ ಕುಟುಂಬದ ಆದಾಯದಿಂದಲೇ, ಎಚ್‌ಯುಎಫ್ ಖಾತೆಯಿಂದ ಅವರವರ ಖಾತೆಗೆ ಬ್ಯಾಂಕ್ ಮೂಲಕವೇ ವರ್ಗಾಯಿಸಿ. ಎಚ್‌ಯುಎಫ್ ಹಣಕ್ಕೆ ಬರೀ ರಸೀದಿಯ ಹೆಸರು ಬದಲಿಸಿದರೆ ಬಡ್ಡಿ ಎಚ್‌ಯುಎಫ್‌ನದಾಗಿಯೇ ಉಳಿಯುತ್ತದೆ. ಗಂಡ ತನ್ನ ಸ್ವಂತ ಹಣವನ್ನು ಹೆಂಡತಿಗೆ ಕೊಟ್ಟು ಠೇವಣಿ ಇಡಿಸಿದರೆ ಬಡ್ಡಿ ತಿರುಗಿ ಗಂಡನ ಲೆಕ್ಕಕ್ಕೇ ಸೇರುತ್ತದೆ.

ಠೇವಣಿಯ ಸುರಕ್ಷೆಯನ್ನೂ ನೋಡಿ. ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್ ಸೇರಿ ವಿಮಾ ವ್ಯಾಪ್ತಿಯ ಬ್ಯಾಂಕುಗಳಲ್ಲಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಪ್ರಾಥಮಿಕ ಕೃಷಿ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸಂಘ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಮನೆಯ ಉಳಿತಾಯವೆಲ್ಲ ಒಂದೇ ಕಡೆ ಬೇಡ. ಅಡಿಕೆ ದರ ಬಿದ್ದ ವರ್ಷ ನಿಮ್ಮ ಆದಾಯವೂ ಸಂಘದ ಸಾಲಗಾರ ಸದಸ್ಯರ ಮರುಪಾವತಿಯೂ ಒಟ್ಟಿಗೇ ಸೊರಗುತ್ತವೆ. ಇದೇ ಕಾರಣಕ್ಕೆ ಉಳಿದ ದುಡ್ಡನ್ನು ಮತ್ತೆ ತೋಟ ಕೊಳ್ಳಲು ಹಾಕುವುದನ್ನು ನಾವು ಒಪ್ಪುವುದಿಲ್ಲ.

ಮಳೆ ಹಿಡಿಯುವ ಮುಂಚಿನ ಬೋರ್ಡೋ ಔಷಧದ ಸಿಂಪಡಣೆ, ಕೊನೆಕೊಯ್ಲಿನ ಕೂಲಿ, ಜೊತೆಗೆ ಕೊಳೆರೋಗ ಬಂದರೂ ಒಂದು ವರ್ಷ ಮನೆ ನಡೆಯುವಷ್ಟು ಹಣ ಉಳಿತಾಯ ಖಾತೆಯಲ್ಲೋ ಅಲ್ಪಾವಧಿ ಠೇವಣಿಯಲ್ಲೋ ಇರಲಿ. ಏಳೆಂಟು ವರ್ಷ ಮುಟ್ಟದ ಹಣ ಮಾತ್ರ ಈಕ್ವಿಟಿಗೆ ಹೋಗಲಿ.

ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ವ್ಯಕ್ತಿಗಳಿಗೆ ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ. ಹೊಸ ಪದ್ಧತಿಯಲ್ಲಿ ಹೂಡಿದ ಮೊತ್ತಕ್ಕೆ 80ಸಿ ಕಡಿತ ಇಲ್ಲದಿದ್ದರೂ ಅದರ ಬಡ್ಡಿಗೆ ತೆರಿಗೆಯಿಲ್ಲ. ಹಣವನ್ನು ತಿಂಗಳ 5ನೇ ತಾರೀಖಿನೊಳಗೆ ಕಟ್ಟಿ. ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ.

ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷ ದಾಟಿದ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ. 12.5, ವರ್ಷದೊಳಗೆ ಮಾರಿದರೆ ಶೇ. 20. ಈ ಮಿತಿ ಪ್ರತಿ ಪ್ಯಾನ್‌ಗೂ ಬೇರೆ, ಎಚ್‌ಯುಎಫ್‌ಗೂ ಇದೆ. ಬಳಸದಿದ್ದರೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಮಾರ್ಚ್ ಮೊದಲ ವಾರದಲ್ಲಿ ಅಷ್ಟು ಲಾಭ ಬರುವಷ್ಟೇ ಯೂನಿಟ್ ಮಾರಿ, ಹಣ ಬಂದ ಕೂಡಲೇ ಮತ್ತೆ ಕೊಳ್ಳಿ. ಎಸ್‌ಐಪಿಯ (ಕಂತುಕಂತಾಗಿ ಹೂಡುವ ಯೋಜನೆಯ) ಪ್ರತಿ ಕಂತಿಗೂ ವರ್ಷದ ಎಣಿಕೆ ಬೇರೆ. ಮೊದಲು ಕೊಂಡದ್ದೇ ಮೊದಲು ಮಾರಾಟವಾಗುತ್ತದೆ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ (ಸಾಲಪತ್ರಗಳಲ್ಲಿ ಹೂಡುವ) ಫಂಡ್‌ಗೆ ಎಷ್ಟು ವರ್ಷವಾದರೂ ಸ್ಲ್ಯಾಬ್ ದರವೇ.

ಕೃಷಿ ಆದಾಯ 5,000 ರೂಪಾಯಿ ದಾಟಿದವರಿಗೆ ಐಟಿಆರ್-1 ಎಂಬ ರಿಟರ್ನ್ ಫಾರಂ ನಡೆಯದು. ವ್ಯಾಪಾರದ ಆದಾಯ ಇಲ್ಲದವರು ಐಟಿಆರ್-2 ತುಂಬಬೇಕು. ಕೃಷಿ ಆದಾಯ 5 ಲಕ್ಷ ಮೀರಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ವಿಸ್ತೀರ್ಣ, ನೀರಾವರಿ ಇದೆಯೇ ಎಂಬುದನ್ನೂ ಕೊಡಬೇಕು. ಅಡಿಕೆ ಮಾರಿದ ಪಟ್ಟಿ, ಕೂಲಿ, ಗೊಬ್ಬರ, ಔಷಧದ ಬಿಲ್ಲುಗಳನ್ನು ವರ್ಷವಾರು ಕಟ್ಟಿಡಿ. ನೋಟಿಸ್ ಬಂದರೆ ಇಷ್ಟು ಹಣ ತೋಟದ್ದೇ ಎಂದು ತೋರಿಸಲು ಅವೇ ಆಧಾರ.