ಎರಡನೆಯ ಫಿಲಿಪ್‌ನನ್ನು ಓದುವುದು ಹೇಗೆ: ಅವನ ಮೇಜಿನಿಂದ ಶುರು ಮಾಡಿ

ಸ್ಪೇನ್‌ನ ಎರಡನೆಯ ಫಿಲಿಪ್ ಬಗ್ಗೆ ಓದೋಕೆ ಕೂತವರು ಸಾಮಾನ್ಯವಾಗಿ 1588ಕ್ಕೆ ನೇರವಾಗಿ ಹೋಗುತ್ತಾರೆ. ಇಂಗ್ಲೆಂಡ್ ಮೇಲೆ ಹೊರಟ ದೊಡ್ಡ ನೌಕಾಪಡೆ, ಬಿರುಗಾಳಿ, ಸೋಲು, ಅಲ್ಲಿಗೆ ಕಥೆ ಮುಗೀತು. ನಾನೂ ಮೊದಲು ಹಾಗೇ ಓದಿದ್ದೆ. ಆದರೆ ಈ ಮನುಷ್ಯ 1556ರಿಂದ 1598ರವರೆಗೆ 42 ವರ್ಷ ಆಳಿದವನು. ಒಂದು ಸೋಲಿನ ಕಿಂಡಿಯಿಂದ ನೋಡಿದರೆ ಅವನ ಮುಖವೇ ಕಾಣುವುದಿಲ್ಲ.

ನನ್ನ ಸಲಹೆ ಇಷ್ಟೇ. ಅವನ ಮೇಜಿನಿಂದ ಶುರು ಮಾಡಿ. ಅವನ ಅಪ್ಪ ಕುದುರೆ ಏರಿ ಯುರೋಪ್ ಪೂರ್ತಿ ಸುತ್ತಿದವನು. ಫಿಲಿಪ್ ಹಾಗಲ್ಲ, 1559ರಲ್ಲಿ ಸ್ಪೇನ್‌ಗೆ ವಾಪಸ್ ಬಂದ ಮೇಲೆ ಆ ಪರ್ಯಾಯ ದ್ವೀಪ ಬಿಟ್ಟು ಹೊರಗೆ ಹೋಗಲೇ ಇಲ್ಲ. ಕೂತಲ್ಲೇ ಕಾಗದದಲ್ಲಿ ಆಳಿದ. ಅವನ ಮಂಡಳಿಗಳು ಪ್ರತಿಯೊಂದು ವಿಷಯದ ಮೇಲೂ ಒಂದು ವರದಿ ಬರೆದು, ಪಕ್ಕದಲ್ಲಿ ಜಾಗ ಬಿಟ್ಟು ಕಳಿಸುತ್ತಿದ್ದವು. ಅದಕ್ಕೆ ಕನ್ಸುಲ್ತಾ ಅಂತ ಹೆಸರು. ಆ ಖಾಲಿ ಜಾಗದಲ್ಲಿ ರಾಜ ತನ್ನ ಕೈಯಾರೆ, ಓದೋಕೆ ಕಷ್ಟವಾಗುವ ಅಕ್ಷರದಲ್ಲಿ, ತೀರ್ಮಾನ ಬರೆಯುತ್ತಿದ್ದ. ಹಾಗಾಗಿ ಯಾವುದೇ ಘಟನೆ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಆ ದಿನ ಅವನ ಮುಂದಿದ್ದ ಕಾಗದ ಎಷ್ಟು ಹಳೆಯದು?

ಅದಕ್ಕೂ ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮೂರನೇ ಪುಟದಲ್ಲೇ ತಲೆ ಕೆಡುತ್ತದೆ. ಚಕ್ರವರ್ತಿ ಐದನೆಯ ಚಾರ್ಲ್ಸ್ ಮತ್ತು ಸ್ಪೇನ್‌ನ ಮೊದಲನೆಯ ಕಾರ್ಲೋಸ್ ಇಬ್ಬರೂ ಒಬ್ಬನೇ, ಅವನೇ ಫಿಲಿಪ್‌ನ ಅಪ್ಪ. ಫಿಲಿಪ್‌ನ ಮೊದಲ ಮಗ ಡಾನ್ ಕಾರ್ಲೋಸ್ ಬೇರೆ. ಅಮ್ಮ ಇಸಾಬೆಲ್, ಮೂರನೇ ಹೆಂಡತಿಯೂ ಇಸಾಬೆಲ್, ಹಿರಿ ಮಗಳೂ ಇಸಾಬೆಲ್. ಹೆಂಡತಿಯರು ನಾಲ್ವರು: ಪೋರ್ಚುಗಲ್‌ನ ಮರಿಯಾ, ಇಂಗ್ಲೆಂಡ್‌ನ ರಾಣಿ ಮೇರಿ, ಫ್ರಾನ್ಸ್‌ನ ಇಸಾಬೆಲ್, ಆಸ್ಟ್ರಿಯಾದ ಆನಾ. ನಾಲ್ವರೂ ಅವನಿಗಿಂತ ಮೊದಲೇ ತೀರಿಕೊಂಡರು. ಪೋರ್ಚುಗೀಸರಿಗೆ ಇವನು ಮೊದಲನೆಯ ಫಿಲಿಪ್, ಎರಡನೆಯವನಲ್ಲ.

ತಾರೀಖುಗಳಲ್ಲೂ ಒಂದು ಗುಂಡಿ ಇದೆ. 1582ರಲ್ಲಿ ಸ್ಪೇನ್ ಹೊಸ ಕ್ಯಾಲೆಂಡರ್‌ಗೆ ಬಂತು, ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಇಂಗ್ಲೆಂಡ್ ಬದಲಾಗಲಿಲ್ಲ. ಅದಕ್ಕೇ ನೌಕಾಪಡೆಯ ಮುಖ್ಯ ಕಾಳಗ ಒಂದು ಪುಸ್ತಕದಲ್ಲಿ ಜುಲೈ 29, ಇನ್ನೊಂದರಲ್ಲಿ ಆಗಸ್ಟ್ 8. ಎರಡೂ ಸರಿ.

ಈಗ ಒಂದು ನಕ್ಷೆ ತಗೊಳ್ಳಿ. ಮ್ಯಾಡ್ರಿಡ್‌ಗೆ ಗುರುತು ಹಾಕಿ, 1561ರಿಂದ ಆಸ್ಥಾನ ಇದ್ದದ್ದು ಅಲ್ಲೇ. ಅಲ್ಲಿಂದ ಬ್ರಸೆಲ್ಸ್, ಮಿಲಾನ್, ನೇಪಲ್ಸ್, ಮೆಕ್ಸಿಕೊ, ಪೆರು, ಮನಿಲಾ, ಆಮೇಲೆ ಲಿಸ್ಬನ್, ಅದರ ಹಿಂದೆ ಬ್ರೆಜಿಲ್ ಮತ್ತು ಗೋವಾಕ್ಕೂ ಗೆರೆ ಎಳೆಯಿರಿ. ಪ್ರತಿ ಗೆರೆಯ ಮೇಲೆ ಪತ್ರ ತಲುಪುವ ಕಾಲ ಬರೆಯಿರಿ. ಬ್ರಸೆಲ್ಸ್‌ಗೆ ಎಲ್ಲ ಸರಿ ಇದ್ದರೆ ಸುಮಾರು ಎರಡು ವಾರ. ಮೆಕ್ಸಿಕೊಗೆ ತಿಂಗಳುಗಟ್ಟಲೆ. ಮನಿಲಾದ ಪತ್ರ ಮೆಕ್ಸಿಕೊ ದಾಟಿಯೇ ಹೋಗಬೇಕು. ನಾನು ಹೇಳುವುದಕ್ಕಿಂತ ನೀವೇ ಗೆರೆ ಎಳೆದು ನೋಡಿದರೆ ಜಾಸ್ತಿ ಅರ್ಥವಾಗುತ್ತದೆ.

1566ರ ಬೇಸಿಗೆಯನ್ನೇ ನೋಡಿ. ನೆದರ್ಲೆಂಡ್ಸನ್ನು (ಇಂದಿನ ಬೆಲ್ಜಿಯಂ ಕೂಡ ಸೇರಿದ್ದ ಅವನ ಪ್ರಾಂತ್ಯಗಳು, ಆಡಳಿತ ಬ್ರಸೆಲ್ಸ್‌ನಿಂದ) ಆಗ ಅವನ ಪರವಾಗಿ ನೋಡಿಕೊಳ್ಳುತ್ತಿದ್ದವಳು ಅವನ ಮಲಸೋದರಿ, ಪಾರ್ಮಾದ ಮಾರ್ಗರೆಟ್. ಪ್ರಾಟೆಸ್ಟೆಂಟರ ಮೇಲಿನ ಧರ್ಮದ ಕಾನೂನು ಸಡಿಲಿಸಿ ಅಂತ ಅಲ್ಲಿನ ಶ್ರೀಮಂತರು ಏಪ್ರಿಲ್‌ನಲ್ಲಿ ಅರ್ಜಿ ಕೊಟ್ಟರು. ಅವಳು ಪತ್ರದ ಮೇಲೆ ಪತ್ರ ಬರೆದಳು. ಫಿಲಿಪ್ ಜುಲೈ 31ರಂದು ಒಂದಿಷ್ಟು ಬಗ್ಗಿ ಉತ್ತರ ಬರೆದ. ಆಗಸ್ಟ್ 9ರಂದು ನೋಟರಿಯನ್ನು ಕರೆಸಿ, ಇದು ಒತ್ತಾಯಕ್ಕೆ ಕೊಟ್ಟ ಮಾತು, ಇದಕ್ಕೆ ನಾನು ಕಟ್ಟುಬಿದ್ದಿಲ್ಲ ಅಂತ ಬರೆಸಿಟ್ಟ. ಪತ್ರ ಇನ್ನೂ ದಾರಿಯಲ್ಲಿದ್ದಾಗಲೇ, ಆಗಸ್ಟ್ 10ರಂದು, ಸ್ಟೀನ್‌ವೋರ್ಡೆ ಎಂಬ ಊರಿನಲ್ಲಿ ಪ್ರಾಟೆಸ್ಟೆಂಟ್ ಜನ ಚರ್ಚುಗಳ ವಿಗ್ರಹ ಒಡೆಯೋಕೆ ಶುರು ಮಾಡಿದರು. ಹತ್ತೇ ದಿನದಲ್ಲಿ ಅದು ಆಂಟ್‌ವರ್ಪ್ ತಲುಪಿತು. ಆ ಸುದ್ದಿ ರಾಜನ ಮೇಜಿಗೆ ಬರುವಷ್ಟರಲ್ಲಿ ಸೆಪ್ಟೆಂಬರ್. ಮುಂದಿನ ವರ್ಷ ಆಲ್ಬಾದ ಡ್ಯೂಕ್ ಸೈನ್ಯ ತಗೊಂಡು ಬ್ರಸೆಲ್ಸ್‌ಗೆ ಬಂದ. ಈ ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟಾಗ ಮಾತ್ರ ಅವನ ಎರಡು ಗುಣ ಒಟ್ಟಿಗೆ ಕಾಣುತ್ತವೆ. ಸುದ್ದಿ ತಡವಾಗುತ್ತಿತ್ತು, ನಿಜ. ಆದರೆ ಬಗ್ಗಿದ ಕ್ಷಣದಲ್ಲೂ ಅವನು ಒಳಗೆ ಬಗ್ಗಿರಲಿಲ್ಲ, ಅದೂ ನಿಜ.

ಮುಂದಿನ ಕೆಲಸ, ಒಂದು ವರ್ಷ ಆರಿಸಿ ಹಾಳೆಯಲ್ಲಿ ಮೂರು ಸಾಲು ಮಾಡಿ: ಮನೆ, ಯುದ್ಧ, ದುಡ್ಡು. ನಾನಾದರೆ 1568 ಆರಿಸುತ್ತೇನೆ. ಜನವರಿಯ ಒಂದು ರಾತ್ರಿ ಫಿಲಿಪ್ ಸ್ವತಃ ಮಗನ ಕೋಣೆಗೆ ಹೋಗಿ ಡಾನ್ ಕಾರ್ಲೋಸ್‌ನನ್ನು ಬಂಧಿಸಿದ. ಜೂನ್‌ನಲ್ಲಿ ಬ್ರಸೆಲ್ಸ್‌ನ ಚೌಕದಲ್ಲಿ ಎಗ್ಮಂಟ್ ಮತ್ತು ಹಾರ್ನ್ ಎಂಬ ಇಬ್ಬರು ದೊಡ್ಡ ಮನೆತನದವರ ತಲೆ ಹೋಯಿತು. ಜುಲೈ 24ರಂದು ಡಾನ್ ಕಾರ್ಲೋಸ್ ಸೆರೆಯಲ್ಲೇ ಸತ್ತ, ವಯಸ್ಸು 23. ಅಕ್ಟೋಬರ್ 3ರಂದು ರಾಣಿ ಇಸಾಬೆಲ್ ತೀರಿಕೊಂಡಳು, ಅವಳಿಗೂ 23. ಕ್ರಿಸ್ಮಸ್ ಹಿಂದಿನ ದಿನ ಗ್ರನಾಡಾದ ಬೆಟ್ಟಗಳಲ್ಲಿ ಮೊರಿಸ್ಕೊಗಳು, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಂ ಮೂಲದವರು, ದಂಗೆ ಎದ್ದರು. ಇಷ್ಟೂ ಒಂದೇ ವರ್ಷ, ಒಂದೇ ಮೇಜು.

ಆ ಎರಡು ಸಾವುಗಳ ಸುತ್ತ ಬೇಕಾದಷ್ಟು ಕಥೆ ಹುಟ್ಟಿವೆ. ಮಗನಿಗೂ ಮಲತಾಯಿಗೂ ಪ್ರೀತಿ ಇತ್ತಂತೆ, ರಾಜ ಇಬ್ಬರನ್ನೂ ಕೊಲ್ಲಿಸಿದನಂತೆ. ಇಂಥದ್ದು ಸಿಕ್ಕಾಗ ಸುಮ್ನೆ ಮುಂದೆ ಹೋಗಬೇಡಿ, ಯಾರು ಯಾವಾಗ ಹೇಳಿದರು ಅಂತ ಹುಡುಕಿ. ಕೊಂದ ಅನ್ನುವ ಆರೋಪವನ್ನು ಲೋಕದ ಮುಂದೆ ಇಟ್ಟವನು ನೆದರ್ಲೆಂಡ್ಸ್ ದಂಗೆಯ ನಾಯಕ, ಆರೆಂಜ್‌ನ ವಿಲಿಯಂ. ಅವನ ತಲೆಗೆ ಫಿಲಿಪ್ 1580ರಲ್ಲಿ ಬಹುಮಾನ ಘೋಷಿಸಿದ್ದ, ಅದಕ್ಕೆ ಉತ್ತರವಾಗಿ ಬರೆಸಿದ ಕಾಗದದಲ್ಲಿ ಈ ಮಾತು ಬಂತು. ಕೊಲೆಗೆ ಪುರಾವೆ ಸಿಕ್ಕಿಲ್ಲ. ಹಾಗಂತ ಫಿಲಿಪ್‌ನ ಕೈ ಶುದ್ಧ ಅಂತ ಹೇಳುತ್ತಿಲ್ಲ. ಬಹುಮಾನ ಘೋಷಿಸಿದ್ದು ಅವನೇ, 1584ರಲ್ಲಿ ಡೆಲ್ಫ್ಟ್‌ನಲ್ಲಿ ಗುಂಡಿಗೆ ಬಲಿಯಾದವನು ವಿಲಿಯಂ.

ದುಡ್ಡಿನ ಸಾಲನ್ನು ದಯವಿಟ್ಟು ಬಿಡಬೇಡಿ, ಬಹಳ ಜನ ಬಿಡುವುದು ಅದನ್ನೇ. ಅಮೆರಿಕದ ಬೆಳ್ಳಿ ಇತ್ತಲ್ಲ, ಮತ್ತೇನು ಕೊರತೆ ಅಂತ ಅನ್ನಿಸುತ್ತೆ, ಅಲ್ವಾ? ದಕ್ಷಿಣ ಅಮೆರಿಕದ ಪೊಟೊಸಿ ಗಣಿಯ ಬೆಳ್ಳಿಯಲ್ಲಿ ರಾಜನಿಗೆ ಐದನೇ ಒಂದು ಪಾಲು ಬರುತ್ತಿತ್ತು. ಆದರೆ ಹೊರೆ ಹೊತ್ತದ್ದು ಮುಖ್ಯವಾಗಿ ಸ್ಪೇನ್‌ನ ಅತಿ ದೊಡ್ಡ ಭಾಗವಾದ ಕ್ಯಾಸ್ಟೀಲ್‌ನ ತೆರಿಗೆ ಕಟ್ಟುವ ಜನ. ಯುದ್ಧ ಕಾಯುವುದಿಲ್ಲವಲ್ಲ, ಹಾಗಾಗಿ ಬ್ಯಾಂಕರ್‌ಗಳಿಂದ, ಅದರಲ್ಲೂ ಜಿನೋವಾದವರಿಂದ, ಕಡಿಮೆ ಅವಧಿಯ ಸಾಲ ತಗೋಬೇಕಾಗಿತ್ತು. ಅದಕ್ಕೆ ಅಸಿಯೆಂತೊ ಅನ್ನುತ್ತಿದ್ದರು. ತೀರಿಸಲಾಗದೆ 1557, 1560, 1575, 1596ರಲ್ಲಿ ಪಾವತಿ ನಿಲ್ಲಿಸಿ, ಆ ಸಾಲವನ್ನು ಹೂರೊ ಎಂಬ ದೀರ್ಘಾವಧಿ ಪತ್ರಗಳಾಗಿ ಬದಲಿಸಿದರು.

1575ರ ಎಳೆ ಹಿಡಿದು ಎಳೆಯಿರಿ. ಪಾವತಿ ನಿಂತಿತು, ಹಣ ಬ್ರಸೆಲ್ಸ್‌ಗೆ ಹೋಗಲಿಲ್ಲ, ಸೈನಿಕರಿಗೆ ಸಂಬಳ ಸಿಗಲಿಲ್ಲ, ಅವರು ದಂಗೆ ಎದ್ದರು, 1576ರ ನವೆಂಬರ್ 4ರಂದು ಆಂಟ್‌ವರ್ಪ್ ನಗರವನ್ನೇ ದೋಚಿ ಸುಟ್ಟು ಸಾವಿರಾರು ಜನರನ್ನು ಕೊಂದರು, ನಾಲ್ಕೇ ದಿನಕ್ಕೆ ಅಲ್ಲಿಯವರೆಗೆ ಒಡೆದು ನಿಂತಿದ್ದ ಪ್ರಾಂತ್ಯಗಳು ಘೆಂಟ್‌ನಲ್ಲಿ ಸ್ಪೇನ್ ಸೈನ್ಯದ ವಿರುದ್ಧ ಒಂದಾದವು. ಯಾವ ಕಾಳಗದಲ್ಲೂ ಫಿಲಿಪ್ ಇಷ್ಟು ಕಳೆದುಕೊಂಡಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಇಷ್ಟಾದ ಮೇಲೆ 1588 ತೆರೆಯಿರಿ. ಸುಮಾರು 130 ಹಡಗು ಲಿಸ್ಬನ್‌ನಿಂದ ಹೊರಟವು. ಲಿಸ್ಬನ್ ಯಾಕೆ? ಯಾಕಂದ್ರೆ 1580ರಲ್ಲಿ ಪೋರ್ಚುಗಲ್ ಅವನದಾಗಿತ್ತು. ದಂಡನಾಯಕ ಮೆದಿನಾ ಸಿದೋನಿಯಾ ಯಾಕೆ? ಅನುಭವಿ ಸಾಂತಾ ಕ್ರೂಸ್ ಫೆಬ್ರವರಿಯಲ್ಲಿ ಸತ್ತಿದ್ದ. ನೆದರ್ಲೆಂಡ್ಸ್‌ನಲ್ಲಿದ್ದ ಪಾರ್ಮಾದ ಡ್ಯೂಕ್‌ನ (ಮಾರ್ಗರೆಟ್‌ಳ ಮಗ) ಸೈನ್ಯ ಬಂದು ಸೇರಬೇಕಿತ್ತು, ಆದರೆ ಸಮುದ್ರದ ಮೇಲಿರುವ ಹಡಗಿಗೂ ದಡದ ಸೈನ್ಯಕ್ಕೂ ಸಮಯಕ್ಕೆ ಸುದ್ದಿ ಮುಟ್ಟಲಿಲ್ಲ. ಮತ್ತೆ ಅದೇ ಪತ್ರದ ಗೋಳು. ಆಮೇಲೆ 1590ರಲ್ಲಿ ಮಾಂಸ, ವೈನ್, ಎಣ್ಣೆ, ವಿನೆಗರ್ ಮೇಲೆ ಹೊಸ ತೆರಿಗೆ ಬಂತು. ಸೋಲಿನ ಬಿಲ್ ಅಡುಗೆಮನೆಗೆ ಬಂತು.

ಇಷ್ಟರಲ್ಲಿ ಅವನ ಮೇಲೆ ಸಿಟ್ಟು ಬಂದಿದ್ದರೆ, ಬರಲಿ. ಆದರೆ ಲಿಸ್ಬನ್‌ನಿಂದ 1581–83ರಲ್ಲಿ ಅವನು ಹೆಣ್ಣುಮಕ್ಕಳಿಬ್ಬರಿಗೆ ಬರೆದ ಪತ್ರಗಳನ್ನು ಓದದೆ ಪುಸ್ತಕ ಮುಚ್ಚಬೇಡಿ. ಕಿರಿಯವಳು ಕತಲೀನಾ ಮುಂದೆ ಸವೋಯ್‌ಗೆ ಮದುವೆಯಾಗಿ ಹೋದಳು, ಹಾಗಾಗಿ ಅವು ಸವೋಯ್‌ನ ರಾಜಧಾನಿ ಟುರಿನ್‌ನಲ್ಲಿ ಉಳಿದವು. ಸಾಮ್ರಾಜ್ಯದ ಮಾತು ಅದರಲ್ಲಿ ಕಡಿಮೆ. ನೈಟಿಂಗೇಲ್ ಹಕ್ಕಿಯ ಹಾಡು ಕೇಳದೆ ಬೇಜಾರಾಗಿದೆ ಅನ್ನುತ್ತಾನೆ. ಮ್ಯಾಗ್ದಲೇನಾ ಎಂಬ ಮುದಿ ಸೇವಕಿ ತನ್ನ ಮೇಲೆ ಮುನಿಸಿಕೊಂಡಿದ್ದನ್ನು ವರದಿ ಮಾಡುತ್ತಾನೆ. ಮಲತಾಯಿ ಆನಾ ಸತ್ತು ಹೆಚ್ಚು ದಿನ ಆಗಿರಲಿಲ್ಲ, ತಾಯಿ ಇಲ್ಲದ ಮಕ್ಕಳಿಗೆ ಅಪ್ಪ ಬರೆದ ಪತ್ರ ಅವು. ವಿಲಿಯಂನ ತಲೆಗೆ ಬೆಲೆ ಕಟ್ಟಿದ ಆದೇಶ ಹೊರಟದ್ದೂ ಆಸುಪಾಸಿನ ವರ್ಷದಲ್ಲೇ. ಎರಡನ್ನೂ ಒಂದೇ ಸಂಜೆ ಓದಿ.

ಎಂದಾದರೂ ಮ್ಯಾಡ್ರಿಡ್ ಹತ್ತಿರದ ಅವನ ಅರಮನೆ-ಮಠ ಎಸ್ಕೋರಿಯಲ್‌ಗೆ ಹೋದರೆ ದೊಡ್ಡ ಹಜಾರಗಳಲ್ಲೇ ಹೊತ್ತು ಕಳೆಯಬೇಡಿ. 1563ರಿಂದ 1584ರವರೆಗೆ ಕಟ್ಟಿಸಿದ ಆ ಕಲ್ಲಿನ ರಾಶಿಯಲ್ಲಿ ಅವನ ಮಲಗುವ ಕೋಣೆ ಚಿಕ್ಕದು. ಹಾಸಿಗೆಯಿಂದಲೇ ಚರ್ಚಿನ ಬಲಿಪೀಠ ಕಾಣುವ ಹಾಗೆ ಅದನ್ನು ಮಾಡಿಸಿಕೊಂಡಿದ್ದ. 1598ರ ಬೇಸಿಗೆಯಲ್ಲಿ 50ಕ್ಕೂ ಹೆಚ್ಚು ದಿನ ಅಲ್ಲೇ ನೋವಿನಲ್ಲಿ ಮಲಗಿದ್ದ. ಸೆಪ್ಟೆಂಬರ್ 13ರಂದು ಪ್ರಾಣ ಹೋಗುವಾಗ ಅವನ ಕೈಯಲ್ಲಿದ್ದದ್ದು, 40 ವರ್ಷದ ಹಿಂದೆ ಅವನ ಅಪ್ಪ ಸಾಯುವಾಗ ಹಿಡಿದಿದ್ದ ಅದೇ ಶಿಲುಬೆ.