ಮಾರಿದ್ದ ಹಳೇ ಆಂಪ್ಲಿಫೈಯರ್ ಮತ್ತೆ ಕೊಳ್ಳುವಾಗ

ಅದೇ ಮಾಡೆಲ್ ಸಿಕ್ಕಿತೆಂದು ಆತುರಪಟ್ಟು ದುಡ್ಡು ಕೊಡಬೇಡಿ. ಮೊದಲು ಹಿಂಬದಿಯ ವೋಲ್ಟೇಜ್ ನೋಡಿ. 110 ವೋಲ್ಟಿನ ಸೆಟ್ಟನ್ನು 230ಕ್ಕೆ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ವರ್ಷಗಟ್ಟಲೆ ಮೂಲೆಯಲ್ಲಿದ್ದದ್ದಾದರೆ 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವಂತೆ, ಹಾಕಿ ಆನ್ ಮಾಡಿ, ಎಲ್‌ಇಡಿ ನಡೆಯದು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ.

ಬಲ್ಬು ತೆಗೆದ ಮೇಲೆ, ಸ್ಪೀಕರ್ ಜೋಡಿಸುವ ಮುನ್ನ, ವಾಲ್ಯೂಮ್ ಸೊನ್ನೆಗಿಟ್ಟು ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರಿನಿಂದ ಡಿಸಿ (ಏಕಮುಖ ವಿದ್ಯುತ್) ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ವೋಲ್ಟುಗಟ್ಟಲೆ ಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿರಬಹುದು, ಸ್ಪೀಕರ್ ಜೋಡಿಸಿದರೆ ಅದರ ವೂಫರಿನ (ದಪ್ಪ ದನಿಯ ಭಾಗದ) ಕಾಯಿಲ್ ಕೂಡ ಹೋದೀತು.

ವಾಲ್ಯೂಮ್ ತಿರುಗಿಸುವಾಗಿನ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಹೋಗುತ್ತದೆ. ಚೌಕಾಸಿಗೆ ಒಳ್ಳೆಯ ನೆಪ, ಅಷ್ಟೆ. ಸೊನ್ನೆಯಲ್ಲೂ ಗುಂಯ್‌ಗುಟ್ಟಿದರೆ ಸಾಮಾನ್ಯವಾಗಿ ಒಳಗಿನ ವಿದ್ಯುತ್ತಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತದೆ. ಅದರ ರಿಪೇರಿ ಖರ್ಚು ಕಳೆದೇ ಬೆಲೆ ಹೇಳಿ.