ಮೊದಲು ನೆಲ, ಆಮೇಲೆ ಬೆಳಕು

ಮಂಗಳೂರಿನಲ್ಲಿ ಕ್ಯಾಮೆರಾ ಹಿಡಿದವರಿಗೆ ಕುಣಿಯುವವರ ಫೋಟೊ ತೆಗೆಯುವುದು ಹೊಸತಲ್ಲ. ರಂಗಪ್ರವೇಶ, ಯಕ್ಷಗಾನ, ನವರಾತ್ರಿಯ ಹುಲಿವೇಷ, ನಾನು ಕೈ ಪಳಗಿಸಿಕೊಂಡದ್ದೂ ಇವುಗಳಲ್ಲೇ. ಪರಿಚಯದ ಮನೆಯ ಹುಡುಗಿಯೊಬ್ಬಳು ದೂರದ ಊರಲ್ಲಿ ಬ್ಯಾಲೆ ಕಲಿಯುತ್ತಿದ್ದಳು. ಡಿಸೆಂಬರ್ ರಜೆಗೆ ಬಂದಾಗ, "ಅಕ್ಕಾ, ಸ್ಟುಡಿಯೊ ಬೇಡ, ನಮ್ಮ ಬೀದಿಗಳಲ್ಲೇ ತೆಗೆಯೋಣ" ಅಂದಳು. ತಕ್ಷಣ ಒಪ್ಪಿಕೊಂಡೆ.

ಮೊದಲ ದಿನವೇ ತಪ್ಪು ಮಾಡಿದೆ. ಹಳೇ ಮನೆಯೊಂದರ ಮುರಕಲ್ಲಿನ ಮೆಟ್ಟಿಲು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಕಲ್ಲು ಕೆಂಪಗೆ ಹೊಳೆಯುತ್ತಿತ್ತು. ಅದನ್ನು ನೋಡಿ ಮರುಳಾಗಿ, "ಇಲ್ಲೇ ತುದಿಗಾಲಲ್ಲಿ ನಿಲ್ಲು" ಅಂದೆ. ಮುರಕಲ್ಲಿನ ಮೈ ತುಂಬಾ ಸಣ್ಣ ಸಣ್ಣ ಗುಳಿ, ಅಲ್ವಾ? ಶೂನ ತುದಿ ಒಂದು ಗುಳಿಗೆ ಇಳಿದು ಪಾದ ಹೊರಳಿತು. ಮೂಳೆಗೆ ಏನೂ ಆಗಲಿಲ್ಲ, ಆದರೆ ಗಂಟು ಊದಿಕೊಂಡು ಒಂದು ವಾರ ಅವಳು ಕುಣಿಯುವ ಹಾಗಿರಲಿಲ್ಲ. ಆ ವಾರ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಕುಣಿಯುವವರಿಗೆ ಪಾದ ಅಂದರೆ ಏನು ಅಂತ ಗೊತ್ತಿದ್ದವಳು ನಾನು. ಆದರೂ ನೆಲವನ್ನು ನೋಡಿರಲಿಲ್ಲ.

ಅವಳನ್ನು ನೋಡಲು ಹೋದಾಗ ಆ ಶೂ ಕೈಗೆ ಕೊಟ್ಟಳು. ಪಾಯಿಂಟ್ ಶೂ ಅನ್ನುತ್ತಾರೆ. ಹೊರಗೆ ನುಣುಪಾದ ಸ್ಯಾಟಿನ್. ಒಳಗೆ, ಬೆರಳು ಕೂರುವ ಕಡೆ, ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಹೊಸ ಜೋಡಿಯನ್ನು ಬೆರಳಲ್ಲಿ ತಟ್ಟಿದರೆ ಮರದ ಹಾಗೆ ಸದ್ದು. ಇಡೀ ಮೈ ಭಾರ ನಿಲ್ಲುವ ಚಪ್ಪಟೆ ತುದಿ ಎರಡು ಬೆರಳು ಅಗಲ, ಅಷ್ಟೇ. ಅದರ ಅಂಚಿಗೆ ಅವಳೇ ದಪ್ಪ ನೂಲಿನಿಂದ ಹೊಲಿಗೆ ಹಾಕಿಕೊಂಡಿದ್ದಳು, ಹಿಡಿತ ಸಿಗಲಿ ಅಂತ. ಬೆವರು, ತೇವ ತಾಗಿದರೆ ಆ ಅಂಟು ಮೆತ್ತಗಾಗುತ್ತದೆ. ನಮ್ಮ ಊರಿನ ಸೆಖೆಯಲ್ಲಿ ಕೇಳಬೇಕೇ! ಬೀದಿಯಲ್ಲಿ ಕೊಳೆಯಾಗುತ್ತದೆ ಅಂತ ಆ ದಿನ ಅವಳು ಹಳೇ ಜೋಡಿ ಹಾಕಿದ್ದಳು. ಹಳೆಯದರಲ್ಲಿ ಪಾದಕ್ಕೆ ಆಸರೆಯೇ ಇರುವುದಿಲ್ಲ. ಗುಳಿಯ ಕಲ್ಲು, ಸತ್ತ ಶೂ, ಎರಡೂ ಸೇರಿದ್ದವು. ಈಗ ತುದಿಗಾಲಿಗೆ ಗಟ್ಟಿ ಜೋಡಿಯೇ ಆಗಬೇಕು. ಕೂತ ಚಿತ್ರಕ್ಕೆ ಮಾತ್ರ ಹಳೆಯದು.

ಅವಳು ಸುಧಾರಿಸಿಕೊಳ್ಳುತ್ತಿದ್ದಾಗ ನಾನು ಊರಿಡೀ ನೆಲ ನೋಡುತ್ತಾ ತಿರುಗಿದೆ. ಇಷ್ಟು ವರ್ಷ ಓಡಾಡಿದ ಊರು, ತಲೆ ತಗ್ಗಿಸಿ ನೋಡಿದರೆ ಬೇರೆಯೇ ಇದೆ. ಸುಲ್ತಾನ್ ಬತ್ತೇರಿಯಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ, ಪಕ್ಕದಲ್ಲೇ ಗುರುಪುರ ನದಿ. ನೋಟ ಎಷ್ಟು ಚೆಂದವೋ ಅದರ ಕಲ್ಲು ಅಷ್ಟೇ ಏರುತಗ್ಗು. ಅಲ್ಲಿ ಗೋಡೆಗೆ ಒರಗಿ ನಿಲ್ಲುವ ಚಿತ್ರ ಮಾತ್ರ. ಫುಟ್‌ಪಾತಿನ ಇಂಟರ್‌ಲಾಕ್‌ನಲ್ಲಿ ಸಂದು ಜಾಸ್ತಿ. ದಕ್ಕೆಯಲ್ಲಿ ಐಸ್ ನೀರು, ಮೀನಿನ ಹುರುಪೆ, ಯೋಚನೆಯೇ ಬೇಡ. ಹಳೇ ಮನೆಗಳ ಕಾವಿ ನೆಲ ಫೋಟೊದಲ್ಲಿ ಬೆಣ್ಣೆ, ಆದರೆ ಸ್ಯಾಟಿನ್ ಅದರ ಮೇಲೆ ಜಾರುತ್ತದೆ. ಜಾರದಿರಲು ಬ್ಯಾಲೆಯವರು ಶೂ ತುದಿಗೆ ರಾಳದ ಪುಡಿ ತಾಗಿಸಿಕೊಳ್ಳುತ್ತಾರೆ, ಅದು ಪೈನ್ ಮರದ್ದು. ಯಕ್ಷಗಾನದಲ್ಲಿ ಮಹಿಷಾಸುರ ಬರುವಾಗ ಪಂಜಿಗೆ ಎಸೆಯುತ್ತಾರಲ್ಲ, ಆ ರಾಳದ ಪುಡಿಯೇ ನನಗೆ ನೆನಪಾಯಿತು. ಆದರೆ ಇನ್ನೊಬ್ಬರ ಮನೆಯ ಕಾವಿಗೆ ಅಂಟು ಮೆತ್ತಿಸಲು ಮನಸ್ಸು ಬರಲಿಲ್ಲ.

ಕೊನೆಗೆ ಗೆದ್ದದ್ದು ರಥಬೀದಿಯ ಕಾಂಕ್ರೀಟು. ಸಮತಟ್ಟು, ಸ್ವಲ್ಪ ತರಿ, ಬೆಳಿಗ್ಗೆ ಗುಡಿಸಿದ ಮೇಲೆ ಚೊಕ್ಕ. ಆದರೆ ಕಾಂಕ್ರೀಟಿಗೆ ಮರದ ನೆಲದ ಹಾಗೆ ಬಳುಕಿ ಗೊತ್ತಿಲ್ಲ. ಜಿಗಿದು ಇಳಿದರೆ ಪೆಟ್ಟೆಲ್ಲ ಮೊಣಕಾಲಿಗೆ. ಹಾಗಾಗಿ ಒಂದು ಬೆಳಿಗ್ಗೆಗೆ ಆರೇ ಜಿಗಿತ ಅಂತ ಇಬ್ಬರೂ ಮಾತಾಡಿಕೊಂಡೆವು. ಚಿತ್ರ ಬಂದರೂ ಆರು, ಬಾರದಿದ್ದರೂ ಆರು. ತಣ್ಣೀರುಬಾವಿ ಬೀಚಿಗೆ ಎರಡಡಿ ಪ್ಲೈವುಡ್ ಒಯ್ದು, ಒದ್ದೆ ಮರಳಲ್ಲಿ ಕೂರಿಸಿ, ಮೇಲೆ ತೆಳುವಾಗಿ ಮರಳು ಹರಡಿದೆ. ಅದರ ಮೇಲೆ ಅವಳು ಧೈರ್ಯವಾಗಿ ನಿಂತಳು. ಫೋಟೊದಲ್ಲಿ ಹಲಗೆ ಕಾಣುವುದೇ ಇಲ್ಲ.

ಆರೇ ಜಿಗಿತ ಅಂದ ಮೇಲೆ ಹೊತ್ತು ಹಿಡಿಯುವುದನ್ನು ಕಲಿಯಲೇಬೇಕಾಯಿತು. ಭರತನಾಟ್ಯದಲ್ಲಿ ಪಾದ ನೆಲಕ್ಕೆ ತಟ್ಟಿದ ಸದ್ದಿಗೆ ಬಟನ್ ಒತ್ತಿ ಅಭ್ಯಾಸ ನನಗೆ. ಇಲ್ಲಿ ಸದ್ದು ಕೇಳಿದರೆ ಆಗಲೇ ತಡವಾಯಿತು ಅಂತ ಅರ್ಥ. ಜಿಗಿಯುವ ಮುಂಚೆ ಅವರು ಮೊಣಕಾಲು ಬಗ್ಗಿಸುತ್ತಾರೆ, ಪ್ಲಿಯೆ ಅನ್ನುತ್ತಾರೆ. ಅಲ್ಲಿಂದ ನಾನು ಅವಳ ಜೊತೆ ಮನಸ್ಸಲ್ಲೇ ಎಣಿಸತೊಡಗಿದೆ. ಲೆಕ್ಕ ನಮ್ಮ ಕಡೆಗೇ ಇದೆ: ಗಾಳಿಯಲ್ಲಿರುವ ಸಮಯದ ಅರ್ಧದಷ್ಟು ಹೊತ್ತು ಮೈ ಇರುವುದು ಜಿಗಿತದ ಎತ್ತರದ ಮೇಲಿನ ನಾಲ್ಕನೇ ಒಂದು ಭಾಗದಲ್ಲೇ. ಜೊತೆಗೆ ಕಾಲು ಚಾಚಿ ಹಾರುವ ಗ್ರಾಂ ಜೆಟೆಯಲ್ಲಿ, ತುದಿ ಮುಟ್ಟುವ ಹೊತ್ತಿಗೆ ಕೈಕಾಲು ಎರಡೂ ಮೇಲೇಳುತ್ತವೆ. ಮೈಯ ಭಾರದ ಕೇಂದ್ರ ಮೈಯೊಳಗೇ ಮೇಲೆ ಸರಿಯುತ್ತದೆ, ತಲೆ ಮಾತ್ರ ಒಂದೇ ಮಟ್ಟದಲ್ಲಿ ಸಾಗುತ್ತದೆ. ತೇಲಿದ ಹಾಗೆ ಕಾಣುವುದು ಅದಕ್ಕೇ. ಷಟರ್ 1/1000 ಸೆಕೆಂಡಿಗಿಂತ ನಿಧಾನ ಇಡುವುದಿಲ್ಲ. ಕ್ಯಾಮೆರಾ ಮೊಣಕಾಲಿನ ಎತ್ತರಕ್ಕೆ. ಅದಕ್ಕಿಂತ ಕೆಳಗೆ ಹೋಗಿ ವೈಡ್ ಲೆನ್ಸ್ ಹಾಕಿದರೆ ಪಾದ ಉದ್ದುದ್ದ ಎಳೆದ ಹಾಗೆ ಬರುತ್ತದೆ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಕಾಲು ಗಂಟೆ ಮೊದಲೇ ಬ್ಯಾಗ್ ಹೊರಗಿಡಿ.

ಯಾವ ಚಿತ್ರ ಉಳಿಯಬೇಕು ಅನ್ನುವುದು ಅವಳ ತೀರ್ಮಾನ. ನನಗೆ ತುಂಬಾ ಇಷ್ಟವಾದ ಒಂದನ್ನು ಅವಳು ನೋಡಿದ ಕೂಡಲೇ ಬೇಡ ಅಂದಳು. ಹಿಂದಿನ ಪಾದ ಕುಡುಗೋಲಿನ ಹಾಗೆ ಒಳಗೆ ಬಾಗಿತ್ತು. ಬ್ಯಾಲೆಯಲ್ಲಿ ಅದು ದೊಡ್ಡ ತಪ್ಪು. ಬೆಳಕು ಚೆನ್ನಾಗಿದೆ ಅಂತ ಸುಮ್ನೆ ವಾದ ಮಾಡದೆ ಅಳಿಸಿದೆ.

ರಥಬೀದಿಯಲ್ಲಿ ಯಾರನ್ನೂ ಸರಿಯಿರಿ ಅನ್ನಲಿಲ್ಲ. ಮೊದಲ ದಿನ ಎಲ್ಲರೂ ನಿಂತು ನೋಡಿದರು. ಮೂರನೇ ದಿನಕ್ಕೆ ಹಾಲಿನ ಗಾಡಿ, ಸೈಕಲ್ಲು, ದೇವಸ್ಥಾನಕ್ಕೆ ಹೋಗುವವರು, ಎಲ್ಲ ತಮ್ಮ ಪಾಡಿಗೆ. ನನಗೆ ಬೇಕಿದ್ದದ್ದು ಅದೇ.

ಆ ದಿನದ ಆರು ಜಿಗಿತ ಮುಗಿದಿತ್ತು. ಅವಳು ಹೂವಿನ ಅಂಗಡಿಯ ಜಗಲಿಯಲ್ಲಿ ಕೂತು ರಿಬ್ಬನ್ ಬಿಚ್ಚುತ್ತಿದ್ದಳು. ಮಲ್ಲಿಗೆ ಕಟ್ಟುತ್ತಿದ್ದ ಅಮ್ಮ ಕಾಲು ನೋಯುವುದಿಲ್ವಾ ಅಂತ ತುಳುವಿನಲ್ಲಿ ಕೇಳಿದರು. ನೋಯುತ್ತದೆ ಅಂದಳು. ಅಮ್ಮ ಬಗ್ಗಿ ರಿಬ್ಬನ್ನಿನ ಗಂಟು ಹುಡುಕಿದರು. ಅದು ಕಾಣದ ಹಾಗೆ ಕಾಲಗಂಟಿನ ಒಳಬದಿಗೆ ಸೇರಿಸಿರುತ್ತಾರೆ. ಇವಳು ತೋರಿಸಿದಳು. ಅಮ್ಮ ತಮ್ಮ ಬಾಳೆನಾರಿನ ಗಂಟು ಹೂವಿನೊಳಗೆ ಎಲ್ಲಿ ಅಡಗಿದೆ ಅಂತ ತೋರಿಸಿದರು. ಎರಡು ತಲೆಗಳೂ ಒಂದೇ ಮಾಲೆಯ ಮೇಲೆ ಬಗ್ಗಿದ್ದವು. ಆಗ ತೆಗೆದ ಚಿತ್ರದ ಒಂದು ಪ್ರಿಂಟ್ ಅವಳು ತೆಗೆದುಕೊಂಡು ಹೋದಳು. ಇನ್ನೊಂದು ಆ ಅಂಗಡಿಯಲ್ಲಿದೆ, ದೇವರ ಪಟದ ಕೆಳಗೆ.